ಹಳೇ ಮನೆಗೆ ಎ.ಸಿ. ತರೋ ಮುಂಚೆ

ಏಪ್ರಿಲ್ ಬಂತೆಂದರೆ ಕಲಬುರಗಿಯಲ್ಲಿರುವ ನನ್ನ ಅಕ್ಕನ ಫೋನು ಶುರುವಾಗೋದೇ ಬಿಸಿಲಿನ ವರ್ತಮಾನದಿಂದ. ಹೋದ ವರ್ಷ ಮಾತ್ರ ದನಿಯಲ್ಲಿ ಖುಷಿ ಇತ್ತು. “ತಂಗಿ, ಅತ್ತಿಯವರ ಖೋಲ್ಯಾಗ ಎ.ಸಿ. ಹಾಕ್ಸೀವಿ. ರಾತ್ರಿ ಆರಾಮ ನಿದ್ದಿ ಮಾಡ್ಲಾಕತ್ತಾರ” ಅಂದಳು. ಅವಳ ಅತ್ತೆಗೆ 82 ವರ್ಷ. ಹೊರಗೆ 42 ಡಿಗ್ರಿ ಇರುವಾಗ ಆ ವಯಸ್ಸಿನವರಿಗೆ ನಿದ್ದೆ ಅಂದರೆ ಔಷಧಿಯಷ್ಟೇ ಮುಖ್ಯ. ನನಗೂ ಸಮಾಧಾನವಾಯ್ತು.

ನಾಲ್ಕನೇ ರಾತ್ರಿ ಎರಡು ಗಂಟೆಗೆ ಅತ್ತೆ ಎದ್ದು ಕೂತು ಕೂಗಿದರಂತೆ: “ಸುಟ್ಟ ವಾಸನಿ ಬರ್ಲಾಕತ್ತದ ನೋಡವ್ವ.” ಭಾವ ಓಡಿಹೋಗಿ ನೋಡಿದರೆ ಎ.ಸಿ. ಪ್ಲಗ್ಗು ಕರಗಿ ಸಾಕೆಟ್ಟಿಗೆ ಅಂಟಿಕೊಂಡಿದೆ. ಗೋಡೆ ಮೇಲಿನ ಮರದ ಪಟ್ಟಿ ಕಪ್ಪಗಾಗಿದೆ. ಅಲ್ಲಿಂದ ಎರಡು ಮೊಳ ದೂರದಲ್ಲಿ ಅತ್ತೆಯ ಮಂಚ, ಮಂಚಕ್ಕೆ ಇಳಿಬಿಟ್ಟ ನೈಲಾನ್ ಸೊಳ್ಳೆಪರದೆ. ಅವರ ಮೂಗು ಚುರುಕಿರಲಿಲ್ಲ ಅಂದರೆ ಏನಾಗ್ತಿತ್ತೋ, ನೀವೇ ಯೋಚಿಸಿ.

ಎ.ಸಿ.ಯಲ್ಲಿ ದೋಷ ಇರಲಿಲ್ಲ. ಮನೆಯ ವೈರಿಂಗ್ ಸುಮಾರು 40 ವರ್ಷದ್ದು. ಎರಡು ದೀಪ, ಒಂದು ಫ್ಯಾನು, ಒಂದು ರೇಡಿಯೋಗೆ ಅಂತ ಎಳೆದದ್ದು. ಒಂದೂವರೆ ಟನ್ ಎ.ಸಿ. ಪೂರ್ತಿ ಓಡುವಾಗ ಸುಮಾರು 1,500 ವ್ಯಾಟ್, ಅಂದರೆ 7 ಆಂಪಿಯರ್ ಹತ್ತಿರ ಎಳೆಯುತ್ತದೆ. ಅದೂ ಹತ್ತು ನಿಮಿಷಕ್ಕಲ್ಲ, ರಾತ್ರಿಯಿಡೀ. ಮೊದಲ ದಿನವೇ ಫ್ಯೂಸ್ ಎರಡು ಸಲ ಹೋಗಿತ್ತಂತೆ. ಜೋಡಿಸಲು ಬಂದ ಹುಡುಗ ಫ್ಯೂಸಿಗೆ ದಪ್ಪ ತಂತಿ ಕಟ್ಟಿ “ಇನ್ನು ಹೋಗಲ್ಲ” ಅಂದು ಹೋಗಿದ್ದ. ನಿಜ, ಫ್ಯೂಸ್ ಹೋಗಲಿಲ್ಲ. ಅದರ ಬದಲು ಗೋಡೆಯೊಳಗಿನ ವೈರು ಕಾಯ್ತು.

ಅದಕ್ಕೇ ಹೇಳ್ತೀನಿ, ಹಳೇ ಮನೆಯವರು ಅಂಗಡಿಗೆ ಹೋಗುವ ಮೊದಲು ಎಲೆಕ್ಟ್ರಿಷಿಯನ್ ಒಬ್ಬರನ್ನು ಮನೆಗೆ ಕರೆಸಿ. ಎ.ಸಿ.ಗೆ ಮೇನ್ ಬೋರ್ಡಿನಿಂದಲೇ ಬೇರೆ ಲೈನ್ ಬೇಕು. 4 ಚದರ ಮಿಲಿಮೀಟರಿನ ತಾಮ್ರದ ವೈರು, ಅದಕ್ಕೇ ಮೀಸಲಾದ ಎಂ.ಸಿ.ಬಿ., 16 ಆಂಪಿಯರ್ ಸಾಕೆಟ್. ಎಕ್ಸ್‌ಟೆನ್ಷನ್ ಬೋರ್ಡಂತೂ ಬೇಡವೇ ಬೇಡ. ಅರ್ಥಿಂಗ್ ಇದೆಯಾ ಅಂತ ಮೀಟರ್ ಹಿಡಿದು ನೋಡಿಸಿ. ಸಾಕೆಟ್ಟಿಗೆ ಮೂರು ತೂತು ಇದ್ದ ಮಾತ್ರಕ್ಕೆ ಅರ್ಥಿಂಗ್ ಇದೆ ಅಂತಲ್ಲ, ಎಷ್ಟೋ ಹಳೇ ಮನೆಗಳಲ್ಲಿ ಮೂರನೇ ತೂತಿನ ಹಿಂದೆ ವೈರೇ ಇರುವುದಿಲ್ಲ. ಕರೆಂಟ್ ಬಿಲ್ಲಿನಲ್ಲಿ ನಿಮ್ಮ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಅಂತಲೂ ಬರೆದಿರುತ್ತದೆ. ಒಂದೇ ಇದ್ದರೆ ಹೆಚ್ಚಿಸಲು ಅರ್ಜಿ ಹಾಕಿ.

ಈಗ ಇನ್ನೊಂದು ಮಾತು. ಅಕ್ಕನ ಮನೆ ಅಷ್ಟು ಕಾಯುವುದು ಯಾಕೆ? ಎರಡು ಅಡಿ ದಪ್ಪದ ಕಲ್ಲಿನ ಗೋಡೆ, ಕೆಳಗೆ ಶಹಾಬಾದ್ ಕಲ್ಲು. ಅವಳು ಮದುವೆಯಾಗಿ ಹೋದ ಹೊಸತರಲ್ಲಿ ಮೇ ತಿಂಗಳ ಮಧ್ಯಾಹ್ನವೂ ಪಡಸಾಲೆ ತಣ್ಣಗಿರುತ್ತಿತ್ತು. ಆಮೇಲೆ ಮಳೆಗೆ ಸೋರುತ್ತೆ ಅಂತ ಮಣ್ಣಿನ ಮಾಳಿಗೆ ತೆಗೆಸಿ ಆರ್.ಸಿ.ಸಿ. ಹಾಕಿಸಿದರು. ಸೋರುವುದು ನಿಂತಿತು, ಕಾವು ಶುರುವಾಯ್ತು. ಸಿಮೆಂಟಿನ ಚಾವಣಿ ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಕೋಣೆಯೊಳಗೆ ಕಕ್ಕುತ್ತದೆ. ಅದನ್ನು ಹಾಗೇ ಬಿಟ್ಟು ಕೆಳಗೆ ಎ.ಸಿ. ಓಡಿಸೋದು, ಒಲೆ ಮೇಲೆ ಮಂಜುಗಡ್ಡೆ ಇಟ್ಟು ಕಾದ ಹಾಗೆ.

ಕಡಿಮೆ ಖರ್ಚಿನ ಉಪಾಯ ಅಂದರೆ ಬಿಳಿ ಬಣ್ಣ. ಫೆಬ್ರವರಿಯಲ್ಲೇ ಚಾವಣಿ ತೊಳೆದು, ಬಿರುಕು ಮುಚ್ಚಿ, ಸುಣ್ಣವನ್ನೋ ಬಿಸಿಲು ತಿರುಗಿಸುವ ಬಿಳಿ ಪೇಂಟನ್ನೋ ಎರಡು ಕೋಟ್ ಹೊಡೆಸಿ. ಸುಣ್ಣ ಒಂದು ಮಳೆಗಾಲಕ್ಕೆ ತೊಳೆದು ಹೋಗುತ್ತದೆ, ಹೋಗಲಿ, ಮತ್ತೆ ಹೊಡೆದರಾಯ್ತು. ಪಕ್ಕದ ತೆಲಂಗಾಣದವರು ಇಂಥ ತಂಪು ಚಾವಣಿಗೆಂದೇ 2023ರಲ್ಲಿ ಒಂದು ನೀತಿ ತಂದಿದ್ದಾರೆ. ಪಶ್ಚಿಮದ ಕಿಟಕಿಗೆ ಒಳಗಿನ ಪರದೆಗಿಂತ ಹೊರಗಿನ ತಟ್ಟಿ ಮೇಲು, ಬಿಸಿಲು ಗಾಜಿಗೆ ಬೀಳುವ ಮೊದಲೇ ತಡೆಯುತ್ತೆ.

ಇಷ್ಟು ಮಾಡಿ ಆಮೇಲೆ ಟನ್ ಲೆಕ್ಕ ಹಾಕಿ. ಅಂಗಡಿಯವರು ಕೋಣೆಯ ಉದ್ದ-ಅಗಲ ಮಾತ್ರ ಕೇಳುತ್ತಾರೆ. ಹಳೇ ಮನೆಯ ಎತ್ತರ 12-13 ಅಡಿ ಇರುತ್ತದೆ, ಅದನ್ನು ನೀವೇ ಹೇಳಬೇಕು. ಕಲ್ಲುಗೋಡೆ ಕಾದಿದ್ದರೆ ಮೊದಲ ದಿನ ತಣ್ಣಗಾಗಲು ಹೊತ್ತು ಹಿಡಿಯುತ್ತೆ, ಮೆಷಿನ್ ಕೆಟ್ಟಿದೆ ಅಂತ ಗಾಬರಿ ಬೇಡ, 16ಕ್ಕೆ ಇಳಿಸೋದೂ ಬೇಡ. 2020ರ ಜನವರಿಯಿಂದ ಸ್ಟಾರ್ ಗುರುತಿನ ಎ.ಸಿ.ಗಳು 24ರಲ್ಲೇ ಶುರುವಾಗಬೇಕು ಅಂತ ನಿಯಮ ಇದೆ. ಅಷ್ಟರಲ್ಲೇ ಬಿಟ್ಟು ಫ್ಯಾನು ಹಾಕಿಕೊಳ್ಳಿ. ಮಣ್ಣಿನ ಗಾರೆಯ ಗೋಡೆಯಾದರೆ ಹೊರಗಿನ ಯೂನಿಟ್ಟನ್ನು ಅದಕ್ಕೆ ನೇತುಹಾಕಬೇಡಿ, ನೆಲದಲ್ಲಿ ಸ್ಟ್ಯಾಂಡ್ ಮೇಲೆ ಕೂರಿಸಿ. ಎ.ಸಿ. ನೀರಿನ ಪೈಪೂ ಗೋಡೆಗೆ ತಾಗದಂತೆ ದೂರ ಹೋಗಲಿ. ತೇವ ಕಂಡಲ್ಲಿ ಗೆದ್ದಲು ಬರೋದು ಹಳೇ ಮನೆಯವರಿಗೆ ನಾನು ಹೇಳಬೇಕಿಲ್ಲ.

“ಕೂಲರ್ ಸಾಲದಾ?” ಅಂತ ಕೇಳುವವರಿದ್ದಾರೆ. ಕಲಬುರಗಿ, ರಾಯಚೂರು, ಬಳ್ಳಾರಿಯ ಒಣ ಸೆಕೆಗೆ ಎಷ್ಟೋ ಮನೆಗಳಲ್ಲಿ ಧಾರಾಳ ಸಾಕು. ಆದರೆ ಕಿಟಕಿ ತೆರೆದಿರಬೇಕು. ಮಂಗಳೂರಿನಲ್ಲಿ ಅದೇ ಕೂಲರ್ ಮೈಯನ್ನು ಇನ್ನಷ್ಟು ಅಂಟಂಟು ಮಾಡುತ್ತದೆ, ದುಡ್ಡು ದಂಡ. ತಗಡಿನ ಕೂಲರಿಗೆ ಅರ್ಥಿಂಗ್ ಇಲ್ಲದಿದ್ದರೆ ಅದು ಎ.ಸಿ.ಗಿಂತ ಅಪಾಯ. ನೀರು ತುಂಬುವಾಗ ಪ್ಲಗ್ಗು ತೆಗೆದೇ ತುಂಬಿ.

ಎ.ಸಿ. ಹಾಕಿಸಿದಾಗ ಗವಾಕ್ಷಿ, ಬೆಳಕಿಂಡಿ ಎಲ್ಲ ಮುಚ್ಚಿಸುತ್ತೀರಲ್ಲ, ಅದು ನೆನಪಿರಲಿ. ಡಿಸೆಂಬರಿನಲ್ಲಿ ಅದೇ ಕೋಣೆ ಬಾಣಂತಿ ಕೋಣೆ ಆಗಬಹುದು, ಚಳಿ ಅಂತ ಯಾರಾದರೂ ಇದ್ದಿಲಿನ ಅಗ್ಗಿಷ್ಟಿಕೆ ತಂದಿಡಬಹುದು. ಹಿಂದೆ ಆ ಕಿಂಡಿಗಳೇ ವಿಷಗಾಳಿಯನ್ನು ಒಂದಿಷ್ಟಾದರೂ ಹೊರಗೆ ಹಾಕುತ್ತಿದ್ದವು. ಇದ್ದಿಲಿನ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಅತ್ತೆಯ ಮೂಗೂ ಹಿಡಿಯಲಾರದು. ಮುಚ್ಚಿದ ಕೋಣೆಯಲ್ಲಿ ಕೆಂಡ ಬೇಡ.

ಅಕ್ಕನ ಮನೆಯಲ್ಲಿ ಆ ಕೋಣೆಯ ವೈರಿಂಗ್ ಪೂರ್ತಿ ಬದಲಾಯ್ತು, ಚಾವಣಿ ಬೆಳ್ಳಗಾಯ್ತು. ಈ ಸಲ ಎ.ಸಿ. ಸಂಜೆ ಹಾಕಿದರೆ ಹನ್ನೊಂದಕ್ಕೆಲ್ಲ ಅತ್ತೆಯೇ ಆರಿಸುತ್ತಾರಂತೆ. ಚಳಿ ಆಗುತ್ತೆ ಅಂತ. ಮಲಗುವ ಮುಂಚೆ ಸಾಕೆಟ್ಟಿನ ಮೇಲೆ ಒಮ್ಮೆ ಅಂಗೈ ಇಟ್ಟು, ಬಿಸಿ ಇದೆಯಾ ಅಂತ ನೋಡುವುದನ್ನು ಮಾತ್ರ ಅವರು ಬಿಟ್ಟಿಲ್ಲ.