ಸವೆದ ಗೇರೂ ಸತ್ಯಶುದ್ಧ ಕಾಯಕವೂ

ವಿದ್ಯಾಸಂಸ್ಥೆಯ ಸ್ಮರಣ ಸಂಚಿಕೆಯಲ್ಲಿ ಹಳೆಯ ಲಾರಿಯ ಸವೆದ ಗೇರಿನ ವಿಚಾರಕ್ಕೆ ಎಡೆಯೆಲ್ಲಿ ಎಂದು ಕೆಲವರಿಗೆ ತೋರಬಹುದು. ಆದರೆ ಕಾಯಕವನ್ನು ಪೂಜೆಗೆ ಸಮನಾಗಿ ಎತ್ತಿ ಹಿಡಿದ ಪರಂಪರೆಯ ನೆರಳಿನಲ್ಲಿ ಬೆಳೆದ ಶಾಲೆಗಳಿಗೆ ಈ ವಿಚಾರ ಹೊರಗಿನದಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹಗ್ಗ ಹೊಸೆಯುವ ನುಲಿಯ ಚಂದಯ್ಯನೂ, ಬಿದಿರಿನ ಕಾಯಕದ ಮೇದಾರ ಕೇತಯ್ಯನೂ, ದೋಣಿ ನಡೆಸುವ ಅಂಬಿಗರ ಚೌಡಯ್ಯನೂ ಶರಣರ ಸಾಲಿನಲ್ಲಿ ಸಮಾನ ಗೌರವ ಪಡೆದರು. ಅವರ ಹೆಸರುಗಳನ್ನು ಜಯಂತಿಯ ದಿನ ಭಕ್ತಿಯಿಂದ ಉಚ್ಚರಿಸುವ ಶಾಲೆಯು, ಕೈಗೆ ಎಣ್ಣೆ ಮೆತ್ತಿಕೊಂಡ ಗ್ಯಾರೇಜಿನ ಮೇಸ್ತ್ರಿಯನ್ನು ಹೆಬ್ಬಾಗಿಲಿನ ಹೊರಗೇ ನಿಲ್ಲಿಸುವುದಾದರೆ, ಆ ಭಕ್ತಿಯಲ್ಲಿ ಏನೋ ಕೊರತೆಯುಂಟೆಂದೇ ಹೇಳಬೇಕಾಗುತ್ತದೆ.

1954ರಲ್ಲಿ ಟೆಲ್ಕೋ ಸಂಸ್ಥೆಯು ಜರ್ಮನಿಯ ಡೈಮ್ಲರ್-ಬೆಂಜ್ ಸಂಸ್ಥೆಯ ಸಹಯೋಗದಿಂದ ಜಮ್‌ಶೇಡ್‌ಪುರದಲ್ಲಿ ಲಾರಿಗಳ ತಯಾರಿಕೆಯನ್ನು ಆರಂಭಿಸಿತು. 1969ರಲ್ಲಿ ಆ ಸಹಯೋಗ ಮುಗಿಯುವವರೆಗೂ ಟಾಟಾ-ಮರ್ಸಿಡಿಸ್ ಎಂಬ ಜೋಡಿ ಹೆಸರನ್ನು ಹೊತ್ತ ಈ ಲಾರಿಗಳು ನಾಡಿನ ಉದ್ದಗಲಕ್ಕೂ ಓಡಾಡಿದವು. ಮೂತಿಯನ್ನು ಮುಂದಕ್ಕೆ ಚಾಚಿಕೊಂಡ ಆ ವಾಹನಗಳಲ್ಲಿ ಇಂದು ಉಳಿದಿರುವವು ವಿರಳ. ಆಸಕ್ತರ ಅಂಗಳದಲ್ಲಿ ಜೋಪಾನವಾಗಿರುವ ಅಂತಹ ಒಂದು ಲಾರಿಯನ್ನು ಹತ್ತಿದಾಗ, ಮುಪ್ಪಿನ ಮೊದಲ ಕುರುಹು ಕಣ್ಣಿಗಿಂತ ಮೊದಲು ಕೈಗೆ ತಿಳಿಯುತ್ತದೆ. ಗೇರಿನ ಲಿವರು ಸಡಿಲವಾಗಿ ಅತ್ತಿಂದಿತ್ತ ಓಲಾಡುತ್ತದೆ. ಎರಡನೆಯ ಗೇರು ಎಲ್ಲಿದೆ, ನಾಲ್ಕನೆಯದು ಎಲ್ಲಿದೆ ಎಂಬುದನ್ನು ಹುಡುಕಬೇಕಾಗುತ್ತದೆ.

ಇದು ಬರಿಯ ಅನಾನುಕೂಲವಲ್ಲ. ಶಿರಾಡಿಯಂತಹ ಘಾಟಿಯಲ್ಲಿ ಭಾರ ಹೊತ್ತು ಇಳಿಯುವ ಲಾರಿಯನ್ನು ಹಿಡಿದು ನಿಲ್ಲಿಸುವುದು ಬ್ರೇಕು ಒಂದೇ ಅಲ್ಲ. ಕೆಳಗಿನ ಗೇರಿನಲ್ಲಿ ಎಂಜಿನ್ನು ಕೊಡುವ ತಡೆಯೂ ಅಷ್ಟೇ ಮುಖ್ಯ. ಇಳಿಜಾರಿನ ನಡುವೆ ಗೇರು ತಾನಾಗಿ ಕಳಚಿಕೊಂಡರೆ ಆ ತಡೆ ತಪ್ಪಿ, ಸಕಲ ಭಾರವೂ ಬ್ರೇಕಿನ ಮೇಲೆ ಬೀಳುತ್ತದೆ. ಸವೆದ ಒಂದು ಚಿಕ್ಕ ಭಾಗಕ್ಕೆ ಚಾಲಕನ ಪ್ರಾಣವೇ ಬೆಲೆಯಾಗಬಹುದು. ಆದುದರಿಂದ ಅದನ್ನು ಸರಿಪಡಿಸುವವನ ಕೆಲಸವನ್ನು ಕೀಳೆಂದು ಕಾಣುವವರು ಜೀವದ ಬೆಲೆಯನ್ನೇ ಅರಿಯದವರು.

ಈ ಕೆಲಸದಲ್ಲಿ ಅಡಗಿರುವ ಬುದ್ಧಿಯನ್ನು ತುಸು ಪರಿಶೀಲಿಸಬೇಕು. ಲಿವರಿನ ಕೆಳಭಾಗದಲ್ಲಿರುವ ಗುಂಡು ಗೇರ್‌ಬಾಕ್ಸಿನ ಮೇಲ್ಮುಚ್ಚಳದ ಬಟ್ಟಲಿನಲ್ಲಿ ಕುಳಿತು ಹೊರಳುತ್ತದೆ. ಅದರ ಕೆಳಗಿನ ತುದಿಯು ಒಳಗಿರುವ ಸರಳುಗಳ ಕಚ್ಚುಗಳಲ್ಲಿ ಒಂದನ್ನು ಹಿಡಿದು ಮುಂದಕ್ಕೋ ಹಿಂದಕ್ಕೋ ತಳ್ಳುತ್ತದೆ. ಸರಳಿಗೆ ಬಿಗಿದ ಕವಲಿನಂತಹ ಫೋರ್ಕು ಗೇರನ್ನು ಕೂಡಿಸುತ್ತದೆ. ಸರಳು ತನ್ನ ಸ್ಥಾನದಿಂದ ಜಾರದಂತೆ, ಸ್ಪ್ರಿಂಗಿನ ಒತ್ತಡದಲ್ಲಿರುವ ಉಕ್ಕಿನ ಗೋಲಿಯೊಂದು ಅದರ ಗುಳಿಯಲ್ಲಿ ಕೂರುತ್ತದೆ. ಎರಡು ಗೇರುಗಳು ಏಕಕಾಲಕ್ಕೆ ಬೀಳದಂತೆ ತಡೆಯುವ ಪಿನ್ನೂ ಉಂಟು. 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ ಬಂದ ಸಿಂಕ್ರೋಮೆಶ್ ಸೌಕರ್ಯ ಲಾರಿಗಳಿಗೆ ಬಹಳ ತಡವಾಗಿ ದೊರೆಯಿತು. ಅದಿಲ್ಲದ ಲಾರಿಗಳಲ್ಲಿ ಚಾಲಕನು ಕ್ಲಚ್ಚನ್ನು ಎರಡು ಬಾರಿ ತುಳಿದು, ವೇಗಗಳನ್ನು ಹೊಂದಿಸಿ ಗೇರು ಹಾಕಬೇಕಾಗಿತ್ತು. ಆ ತಾಳ್ಮೆಯಿಲ್ಲದೆ ಬಲವಂತವಾಗಿ ತಳ್ಳಿದ ಕೈಗಳ ಗುರುತು ಲೋಹದ ಮೇಲೆ ಉಳಿದಿರುತ್ತದೆ.

ನುರಿತ ಮೇಸ್ತ್ರಿಯು ನೇರವಾಗಿ ಸ್ಪ್ಯಾನರನ್ನು ಕೈಗೆತ್ತಿಕೊಳ್ಳುವುದಿಲ್ಲ. ಗೇರು ಬೀಳದಿರುವುದಕ್ಕೆ ಕ್ಲಚ್ಚು ಪೂರ್ಣವಾಗಿ ಬಿಡದಿರುವುದೇ ಕಾರಣವೋ ಎಂದು ಮೊದಲು ನೋಡುತ್ತಾನೆ. ಗೇರು ಕಳಚುತ್ತಿದ್ದರೆ ಕಾರಣ ಸೋತ ಸ್ಪ್ರಿಂಗೋ, ಸವೆದ ಫೋರ್ಕೋ, ಬೇರಿಂಗೋ, ಗೇರಿನ ಹಲ್ಲುಗಳೋ ಎಂದು ಒಂದೊಂದಾಗಿ ವಿಚಾರಿಸುತ್ತಾನೆ. ಎಂಜಿನ್ನನ್ನು ನಿಲ್ಲಿಸಿ, ಚಕ್ರಗಳಿಗೆ ಅಡ್ಡ ಕೊಟ್ಟು, ಲಿವರನ್ನು ನ್ಯೂಟ್ರಲಿಗೆ ತಂದು, ಸುತ್ತಲಿನ ಧೂಳನ್ನು ಒರೆಸಿದ ಮೇಲೆಯೇ ಮುಚ್ಚಳ ಬಿಚ್ಚುತ್ತಾನೆ. ಒಳಗೆ ಒಂದು ನಟ್ಟೂ ಬೀಳದಂತೆ ಬಾಯಿಗೆ ಶುಭ್ರವಾದ ಬಟ್ಟೆ ಹೊದಿಸುತ್ತಾನೆ. ಎಣ್ಣೆಯಲ್ಲಿ ಉಕ್ಕಿನ ಚೂರುಗಳು ಕಂಡರೆ ರೋಗ ಆಳದಲ್ಲಿದೆಯೆಂದು ಅರಿಯುತ್ತಾನೆ. ಕಾರ್ಯಕಾರಣಗಳ ಈ ವಿಚಾರ ತರ್ಕಶಾಸ್ತ್ರವಲ್ಲದೆ ಮತ್ತೇನು?

ದೋಷವು ಲಿವರಿನಲ್ಲಿಯೇ ಇದ್ದರೆ ಪರಿಹಾರ ದೊಡ್ಡದೇನಲ್ಲ. ಸವೆದ ತುದಿಗೆ ವೆಲ್ಡಿಂಗಿನಿಂದ ಲೋಹ ತುಂಬಿ, ಕಚ್ಚಿನ ಅಳತೆಗೆ ಸರಿಯಾಗಿ ಅರದಿಂದ ತೀಡಬಹುದು. ಬುಶ್ಶು ಸವೆದಿದ್ದರೆ ಲೇತಿನಲ್ಲಿ ಕಂಚಿನ ಹೊಸ ಬುಶ್ಶನ್ನು ಕಡೆಯಬಹುದು. ಸೋತ ಸ್ಪ್ರಿಂಗನ್ನು ಬದಲಾಯಿಸಬಹುದು. ಅನಂತರ ನಿಂತಲ್ಲಿಯೇ ಎಲ್ಲ ಗೇರುಗಳನ್ನೂ ಹಾಕಿ ನೋಡಿ, ಮೊದಲು ಬರಿದಾದ ಲಾರಿಯನ್ನು ಓಡಿಸಿ ಪರೀಕ್ಷಿಸಬೇಕು. ಆದರೆ ಗೇರಿನ ಹಲ್ಲುಗಳೇ ಮೊಂಡಾಗಿದ್ದರೆ ಲಿವರಿನ ದುರಸ್ತಿಯಿಂದ ಫಲವಿಲ್ಲ. ಅದನ್ನು ಮುಚ್ಚಿಡದೆ ಮಾಲೀಕನಿಗೆ ತಿಳಿಸಬೇಕು.

ಇಲ್ಲಿ ಆಯ್ದಕ್ಕಿ ಲಕ್ಕಮ್ಮನ ವೃತ್ತಾಂತ ನೆನಪಾಗದಿರದು. ಪತಿ ಮಾರಯ್ಯನು ಅಂದಿನ ಅಗತ್ಯಕ್ಕಿಂತ ಹೆಚ್ಚಿನ ಅಕ್ಕಿಯನ್ನು ಆಯ್ದು ತಂದಾಗ, ಆ ಮಹಾತಾಯಿಯು ಅದನ್ನು ಮರಳಿ ಸುರಿದು ಬರುವಂತೆ ಹೇಳಿದಳು. ಒಂದು ಬುಶ್ಶಿನಿಂದ ಮುಗಿಯುವ ಕೆಲಸಕ್ಕೆ ಇಡೀ ಗೇರ್‌ಬಾಕ್ಸನ್ನೇ ಬದಲಾಯಿಸಿ ಹಣ ಪಡೆಯುವುದು ಹೆಚ್ಚಿನ ಅಕ್ಕಿಯನ್ನು ಮನೆಗೆ ತಂದಂತೆ. ಬದಲಾಯಿಸಲೇಬೇಕಾದುದನ್ನು ಒರೆಸಿ ಬಣ್ಣ ಬಳಿದು ಕಳುಹಿಸುವುದು ಅದಕ್ಕಿಂತಲೂ ದೊಡ್ಡ ಅಪರಾಧ. ಸತ್ಯಶುದ್ಧ ಕಾಯಕವೆಂದರೆ ಈ ಎರಡರ ನಡುವಿನ ನೇರವಾದ ದಾರಿ.

ಇದಕ್ಕೆ ಆಕ್ಷೇಪಣೆಗಳಿಲ್ಲದಿಲ್ಲ. ಹಳೆಯ ಲಾರಿಗಳು ಹೊಗೆಯುಗುಳುತ್ತವೆ, ಅವುಗಳ ಕಾಲ ಮುಗಿಯಿತು, ಗಣಕಯಂತ್ರದ ಯುಗದಲ್ಲಿ ಮಕ್ಕಳಿಗೆ ಸ್ಪ್ಯಾನರೇಕೆ ಎಂಬ ಮಾತು ಕೇಳಿಬರುತ್ತದೆ. ಹಳೆಯ ಲಾರಿಗಳೆಲ್ಲ ರಸ್ತೆಗೆ ಮರಳಬೇಕೆಂದು ಯಾರೂ ವಾದಿಸಬೇಕಾಗಿಲ್ಲ. ತಾನಾಗಿ ಗೇರು ಬದಲಾಯಿಸುವ ಲಾರಿಗಳೂ ಈಗ ಬಂದಿವೆ. ಆದರೆ ಮುಚ್ಚಿದ ಯಂತ್ರವು ಬಳಸುವುದನ್ನು ಮಾತ್ರ ಕಲಿಸುತ್ತದೆ. ಬಿಚ್ಚಿದ ಯಂತ್ರವು ವಿಚಾರಿಸುವುದನ್ನು ಕಲಿಸುತ್ತದೆ. ಸನ್ನೆಗೋಲಿನ ನಿಯಮವನ್ನು ಕಪ್ಪುಹಲಗೆಯ ಮೇಲೆ ಬರೆದುಕೊಂಡ ಬಾಲಕನು ಅದನ್ನು ಪರೀಕ್ಷೆಯ ಮರುದಿನ ಮರೆತಾನು; ಗೇರಿನ ಲಿವರನ್ನು ತಾನೇ ಬಿಚ್ಚಿ ಕೂಡಿಸಿದವನು ಮರೆಯಲಾರ.

ಈ ವಿಚಾರ ಹೊಸದೂ ಅಲ್ಲ. 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿಯವರು ಕೈಗಸುಬಿನ ಮೂಲಕ ಶಿಕ್ಷಣವೆಂಬ ತತ್ತ್ವವನ್ನು ಮುಂದಿಟ್ಟರು. 1964ರಿಂದ 1966ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗವು ಕಾರ್ಯಾನುಭವವು ಶಿಕ್ಷಣದ ಅಂಗವಾಗಬೇಕೆಂದಿತು. ಆದರೂ ಅನೇಕ ಶಾಲೆಗಳ ವೇಳಾಪಟ್ಟಿಯಲ್ಲಿ ಆ ಅವಧಿ ಹೆಸರಿಗೆ ಮಾತ್ರ ಉಳಿದು, ಗಣಿತದ ಹೆಚ್ಚುವರಿ ಪಾಠಕ್ಕೆ ಬಲಿಯಾಗುತ್ತದೆ.

ದಾನಿಗಳು ಸಭಾಭವನಗಳನ್ನು ಕಟ್ಟಿಸಿದ್ದಾರೆ. ಆ ಔದಾರ್ಯ ಸ್ಮರಣೀಯ. ಅದರ ಒಂದಂಶವು ಒಂದು ಚಿಕ್ಕ ಕಾರ್ಯಾಗಾರಕ್ಕೂ, ಗುಜರಿಯಲ್ಲಿ ದೊರೆಯುವ ಒಂದು ಹಳೆಯ ಗೇರ್‌ಬಾಕ್ಸಿಗೂ, ಅದನ್ನು ಬಲ್ಲ ಮೇಸ್ತ್ರಿಯ ಗೌರವಧನಕ್ಕೂ ಸಲ್ಲಲಿ. ಹಳೆಯ ವಿದ್ಯಾರ್ಥಿಗಳಲ್ಲಿ ಗ್ಯಾರೇಜು ನಡೆಸುವವರಿದ್ದರೆ ಅವರನ್ನು ವೈದ್ಯರ, ಎಂಜಿನಿಯರುಗಳ ಜೊತೆಯಲ್ಲಿಯೇ ವೇದಿಕೆಗೆ ಕರೆಯಲಿ. ಅಧ್ಯಾಪಕರು ವಾರಕ್ಕೊಂದು ಅವಧಿಯನ್ನಾದರೂ ಆ ಮೇಸ್ತ್ರಿಗೆ ಬಿಟ್ಟುಕೊಡಲಿ. ಹಳೆಯ ಮೇಸ್ತ್ರಿಗಳು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದಾರೆ. ಅವರ ಕೈ ಬಲ್ಲ ವಿದ್ಯೆ ಬಹುಪಾಲು ಯಾವ ಪುಸ್ತಕದಲ್ಲಿಯೂ ಬರೆದಿಟ್ಟದ್ದಲ್ಲ. ಸವೆದ ಲೋಹಕ್ಕೆ ಲೋಹ ತುಂಬಬಹುದು. ಮೇಸ್ತ್ರಿಯೊಡನೆ ಹೋದ ವಿದ್ಯೆಯನ್ನು ಮರಳಿ ತರುವ ಲೇತು ಎಲ್ಲಿಯೂ ಇಲ್ಲ.