ಬೆಟ್ಟದ ಮೇಲಿನ ಬೀಗ

ಎರಡು ವರ್ಷಗಳಿಗೊಮ್ಮೆ ಈ ಸ್ಮರಣ ಸಂಚಿಕೆಯ ಪುಟದಲ್ಲಿ ನಿಮ್ಮೊಡನೆ ನಾಲ್ಕು ಮಾತು ಹಂಚಿಕೊಳ್ಳುವುದು ನನಗೆ ರೂಢಿಯಾಗಿಬಿಟ್ಟಿದೆ. ಅಡಿಗೆಮನೆಯ ಕಿಟಕಿಯಿಂದ ಕಂಡ ಲೋಕವನ್ನೇ ಈವರೆಗೆ ಬರೆದಿದ್ದೇನೆ. ಈ ಸಲ ಕೊಂಚ ದೂರ, ಮೆಡಿಟರೇನಿಯನ್ ಸಮುದ್ರದ ದಡದ ಬೆಟ್ಟಗಳವರೆಗೆ ನಿಮ್ಮನ್ನು ಕರೆದೊಯ್ಯುವ ಆಸೆಯಾಗಿದೆ.

2024ರ ಮೇ ತಿಂಗಳಲ್ಲಿ ನಮ್ಮ ಯಜಮಾನರು ಕೆಲಸದಿಂದ ನಿವೃತ್ತರಾದರು. “ಮೂವತ್ತು ವರ್ಷ ಹೀಥ್ರೋದಲ್ಲಿ ಬೇರೆಯವರನ್ನು ವಿಮಾನ ಹತ್ತಿಸಿದ್ದಾಯಿತು, ಇನ್ನು ನಾವೂ ಹತ್ತೋಣ” ಎಂದು ಫ್ರಾನ್ಸಿನ ನೀಸ್ ನಗರಕ್ಕೆ ಎರಡು ಟಿಕೆಟ್ ತಂದರು. ಹೊರಡುವ ಹಿಂದಿನ ದಿನವೇ ಮೈಸೂರಿನಿಂದ ಅಣ್ಣನ ಲಕೋಟೆ ಬಂತು. ಮೇಲುಕೋಟೆಯ ನಮ್ಮ ತೌರುಮನೆಯನ್ನು ಕೊಳ್ಳಲು ಒಬ್ಬರು ಮುಂದೆ ಬಂದಿದ್ದಾರೆ, ಯಾತ್ರಿಕರಿಗಾಗಿ ವಸತಿಗೃಹ ಮಾಡುತ್ತಾರಂತೆ, ಬೆಲೆಯೂ ಚೆನ್ನಾಗಿದೆ, ನಿನ್ನ ಒಪ್ಪಿಗೆಯ ರುಜು ಒಂದು ಬೇಕು ಎಂದು ಬರೆದಿದ್ದ. 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಇರುವುದರಿಂದ ನನ್ನ ರುಜುವಿಗೂ ಬೆಲೆ ಬಂದಿದೆ! ಅಮ್ಮ ತೀರಿಕೊಂಡ ಮೇಲೆ ನಾಲ್ಕು ವರ್ಷಗಳಿಂದ ಆ ಮನೆಗೆ ಬೀಗ ಬಿದ್ದಿತ್ತು. ಎಲ್ಲಾದರೂ ಇಟ್ಟು ಮರೆತೇನೆಂಬ ಭಯದಿಂದ ಲಕೋಟೆಯನ್ನು ಕೈಚೀಲದಲ್ಲೇ ಇರಿಸಿಕೊಂಡು ಪ್ರಯಾಣ ಹೊರಟೆ.

ನೀಸ್‌ನಿಂದ ಒಂದು ದಿನದ ಪ್ರವಾಸಕ್ಕೆ ಹೆಸರು ಕೊಟ್ಟಿದ್ದೆವು. ಸಣ್ಣ ವ್ಯಾನಿನಲ್ಲಿ ಎಂಟು ಮಂದಿ. ಮಾರ್ಗದರ್ಶಕಿ ನೀಸ್‌ನವರೇ ಆದ, ನನ್ನದೇ ವಯಸ್ಸಿನ ಮಹಿಳೆ. ಬೆಟ್ಟದ ತುದಿಯ ಇಂಥ ಹಳ್ಳಿಗಳನ್ನು ಫ್ರೆಂಚರು ‘ವಿಲಾಜ್ ಪೆರ್ಷೆ’ ಎನ್ನುತ್ತಾರೆಂದೂ, ಹಕ್ಕಿ ಕೊಂಬೆಯ ಮೇಲೆ ಕುಳಿತಂತೆ ಕುಳಿತ ಊರು ಎಂದು ಅದರ ಅರ್ಥವೆಂದೂ ಆಕೆ ತಿಳಿಸಿದರು. ಊರು ಇಷ್ಟು ಎತ್ತರಕ್ಕೆ ಏಕೆ ಏರಿತು ಎಂಬುದಕ್ಕೆ ಉತ್ತರ ಕೆಳಗಿನ ಸಮುದ್ರದಲ್ಲಿದೆ. 10ನೆಯ ಶತಮಾನದಲ್ಲಿ ಸಾರಸೆನರು ಈ ಕರಾವಳಿಯಲ್ಲೇ ನೆಲೆಯೂರಿ ಸುತ್ತಲಿನ ಊರುಗಳ ಮೇಲೆ ದಾಳಿ ಮಾಡುತ್ತಿದ್ದರು. 1543ರಲ್ಲಿ ಬಾರ್ಬರೋಸನ ತುರ್ಕಿ ನೌಕಾಪಡೆ ಫ್ರೆಂಚ್ ದೊರೆಯೊಡನೆ ಸೇರಿ ನೀಸ್‌ಗೇ ಮುತ್ತಿಗೆ ಹಾಕಿತು. ಹಡಗಿನ ಹಾಯಿ ದೂರದಿಂದಲೇ ಕಾಣಬೇಕು, ಬಾಗಿಲು ಮುಚ್ಚಲು ಸಮಯ ಸಿಗಬೇಕು; ಅದಕ್ಕಾಗಿ ಜನರು ನೀರು ಹೊತ್ತು ಏರುವ ಕಷ್ಟವನ್ನೂ ಒಪ್ಪಿಕೊಂಡರು.

ಮೊದಲು ಕಂಡದ್ದು ಏಜ್ ಎಂಬ ಹಳ್ಳಿ. ಸಮುದ್ರಕ್ಕೆ ನೇರವಾಗಿ 400 ಮೀಟರಿಗೂ ಹೆಚ್ಚು ಎತ್ತರದ ಬಂಡೆಯ ಮೇಲಿದೆ. ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಒರಗಬೇಕು, ಅಷ್ಟು ಕಿರಿದಾದ ಕಲ್ಲುಹಾಸಿನ ಓಣಿಗಳು. ಬೆಟ್ಟದ ನೆತ್ತಿಯಲ್ಲಿದ್ದ ಕೋಟೆಯನ್ನು 1706ರಲ್ಲಿ ಹದಿನಾಲ್ಕನೆಯ ಲೂಯಿಯ ಸೈನ್ಯ ಕೆಡವಿತು. ಅದರ ಅವಶೇಷಗಳ ನಡುವೆ 1949ರಲ್ಲಿ ಒಂದು ಉದ್ಯಾನ ಮಾಡಿದ್ದಾರೆ. ಅಮೆರಿಕ ಖಂಡದಿಂದ ಬಂದ ಪಾಪಸುಕಳ್ಳಿಗಳು ಅಲ್ಲಿ ಆಳೆತ್ತರ ಬೆಳೆದು ನಿಂತಿವೆ. ಎಲ್ಲವೂ ಸುಂದರ, ಎಲ್ಲವೂ ಸ್ವಚ್ಛ. ಆದರೆ ಏನೋ ಕೊರತೆ ಅನ್ನಿಸಿತು. ನಾನು ಗೃಹಿಣಿಯಲ್ಲವೇ, ಮೂಗಿಗೆ ತಿಳಿಯಿತು: ಅಲ್ಲಿ ಒಗ್ಗರಣೆಯ ವಾಸನೆ ಇರಲಿಲ್ಲ. ಬಾಗಿಲು ಬಾಗಿಲಿಗೂ ಸಾಬೂನು, ಚಿತ್ರಪಟ, ಒಡವೆಗಳ ಅಂಗಡಿ, ಮೇಲಿನದೆಲ್ಲ ಹೋಟೆಲು. ಒಗೆದು ಹರವಿದ ಬಟ್ಟೆ ಒಂದೇ ಒಂದು ಮನೆಯ ಕಿಟಕಿಯಲ್ಲಿ ಕಂಡಿತು. ನಮ್ಮ ತಂಡದವರೆಲ್ಲ ಅದರ ಫೋಟೋ ತೆಗೆದುಕೊಂಡರು.

“ಇಲ್ಲಿ ಯಾರೂ ವಾಸಿಸುವುದಿಲ್ಲವೇ?” ಎಂದು ಮಾರ್ಗದರ್ಶಕಿಯನ್ನು ಕೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ನನ್ನ ಅಜ್ಜಿಯ ಊರೂ ಇಂಥದೇ ಬೆಟ್ಟದ ಮೇಲಿತ್ತು. ಅಪ್ಪ ಹೋಟೆಲಿನ ಕೆಲಸಕ್ಕೆಂದು ನೀಸ್‌ಗೆ ಇಳಿದು ಬಂದ. ಅಜ್ಜಿಯ ಮನೆ ಈಗ ಯಾರೋ ಪರದೇಶದವರದು. ಆಗಸ್ಟಿನಲ್ಲಿ ಎರಡು ವಾರ ಬಂದು ಹೋಗುತ್ತಾರೆ. ಅವರನ್ನು ದೂರಿ ಏನು ಫಲ? ಮೊದಲು ಬಿಟ್ಟುಬಂದವರು ನಾವು” ಎಂದರು. ರೈಲು ನೀಸ್‌ಗೆ ಬಂದದ್ದು 1864ರಲ್ಲಿ. ಹಡಗುಗಳ ಭಯ ತೀರಿದ ಮೇಲೆ ಕಡಲದಂಡೆಯಲ್ಲೇ ಕೂಲಿ ಸಿಗತೊಡಗಿತು, ಬೆಟ್ಟದ ಮೇಲಿನವರು ಒಬ್ಬೊಬ್ಬರಾಗಿ ಇಳಿದರು. ಪ್ರವಾಸಿಗಳು ಬಂದು ಊರು ಖಾಲಿಯಾಯಿತೆಂದು ನಾನು ತಿಳಿದಿದ್ದೆ. ಖಾಲಿಯಾದ ಮೇಲೆ ಪ್ರವಾಸಿಗಳು ಬಂದರೆಂಬುದು ನನಗೆ ಹೊಳೆದಿರಲಿಲ್ಲ. ಕೈಚೀಲದಲ್ಲಿದ್ದ ಲಕೋಟೆ ಒಮ್ಮೆಲೇ ಭಾರವಾದಂತಾಯಿತು.

ಮಧ್ಯಾಹ್ನ ಸೇಂಟ್ ಪಾಲ್ ದ ವಾನ್ಸ್ ತಲುಪಿದೆವು. 1540ರ ದಶಕದಲ್ಲಿ ಕಟ್ಟಿದ ಕೋಟೆಗೋಡೆ ಊರನ್ನು ಇಂದಿಗೂ ಸುತ್ತುವರಿದಿದೆ. ನಾನು ಕಟ್ಟಿ ತಂದಿದ್ದ ಪುಳಿಯೋಗರೆಯನ್ನು ಆ ಗೋಡೆಯ ನೆರಳಿನಲ್ಲಿ ಕುಳಿತು ತಿಂದೆವು. ಯಜಮಾನರಿಗೆ ಮುಜುಗರ, ಮಾರ್ಗದರ್ಶಕಿ ಮಾತ್ರ ಎರಡನೆಯ ಸಲ ಕೇಳಿ ಹಾಕಿಸಿಕೊಂಡರು. ಊರಿನ ತುದಿಯ ಸ್ಮಶಾನದಲ್ಲಿ ಚಿತ್ರಕಾರ ಮಾರ್ಕ್ ಶಗಾಲ್ ಅವರ ಸಮಾಧಿಯಿದೆ. ಇಂದಿನ ಬೆಲಾರುಸ್ ದೇಶದಲ್ಲಿರುವ ವಿತೆಬ್ಸ್ಕ್‌ನ ಬಳಿ 1887ರಲ್ಲಿ ಹುಟ್ಟಿದ ಯಹೂದಿ ಈತ; 1966ರಲ್ಲಿ ಈ ಊರಿಗೆ ಬಂದು ನೆಲೆಸಿ 1985ರಲ್ಲಿ ಇಲ್ಲಿಯೇ ಮಣ್ಣಾದರು. ತಮ್ಮ ಹುಟ್ಟೂರಿನ ಮನೆಮಾಡುಗಳನ್ನು ಜೀವನವಿಡೀ ಬಿಡಿಸಿದರು, ಬದುಕಿದ್ದು ಮಾತ್ರ ಬೇರೆಡೆ. ಸಮಾಧಿಯ ಮೇಲೆ ಬಂದವರು ಇರಿಸಿಹೋದ ಬೆಣಚುಕಲ್ಲುಗಳಿದ್ದವು. ನಾನೂ ಒಂದನ್ನು ಇರಿಸಿದೆ.

ಅಲ್ಲಿ ನಿಂತಾಗ ನಮ್ಮ ಮೇಲುಕೋಟೆ ನೆನಪಾಯಿತು. ಅದೂ ಬೆಟ್ಟದ ಮೇಲಿನ ಊರೇ. ನೆತ್ತಿಯಲ್ಲಿ ಯೋಗನರಸಿಂಹ, ಕೆಳಗೆ ಚೆಲುವನಾರಾಯಣ, ಕಲ್ಯಾಣಿ, ಅಕ್ಕತಂಗಿಯರ ಕೊಳ. 12ನೆಯ ಶತಮಾನದಲ್ಲಿ ತಮಿಳುನಾಡಿನಿಂದ ಬಂದ ರಾಮಾನುಜಾಚಾರ್ಯರು ಅಲ್ಲಿ ಹನ್ನೆರಡು ವರ್ಷ ನೆಲೆಸಿದ್ದರೆಂದು ಪ್ರತೀತಿ. ನಮ್ಮ ಪೂರ್ವಿಕರೂ ಆ ದಾರಿಯಲ್ಲೇ ಬಂದವರೆಂದು ತಾತ ಹೇಳುತ್ತಿದ್ದರು. ಪುಳಿಯೋಗರೆಗೆ ಊರಿನ ಹೆಸರು ಬಂದದ್ದು ವಲಸೆ ಬಂದವರ ಒಲೆಯಿಂದ! ಹಾಗಿದ್ದಮೇಲೆ ಊರು ಯಾರದು? ಅಲ್ಲಿ ಹುಟ್ಟಿ ಲಂಡನ್ನಿನಲ್ಲಿ ಕುಳಿತು ನಿಟ್ಟುಸಿರು ಬಿಡುವ ನನ್ನದೇ? ಅಥವಾ ನಾಳೆ ಬೆಳಿಗ್ಗೆ ಅದರ ಬಾಗಿಲಿಗೆ ನೀರು ಹಾಕುವವರದೇ? ಮನೆ ಮಾರಬಾರದೆಂದು ಹಟ ಹಿಡಿಯುವುದು ಸುಲಭ. ಆದರೆ ಬೀಗ ಹಾಕಿದ ಮನೆಗೂ, ಅಂಗಡಿಯಾದ ಮನೆಗೂ ಹೆಚ್ಚಿನ ಅಂತರವೇನಿದೆ?

ಸಂಜೆ ಕಂಡ ಕೊನೆಯ ಊರು, ನೇರಳೆ ಬಣ್ಣದ ವಯೊಲೆಟ್ ಹೂವಿನ ಬೇಸಾಯಕ್ಕೆ ಹೆಸರಾದ ಟೂರೆಟ್ ಸುರ್ ಲೂ. ಅಲ್ಲಿಯೂ ಚಿತ್ರಕಾರರ ಅಂಗಡಿಗಳಿದ್ದವು. ಆದರೆ ಚೌಕದಲ್ಲಿ ಶಾಲೆ ಬಿಟ್ಟು ಬಂದ ಮಕ್ಕಳು ಚೆಂಡಾಡುತ್ತಿದ್ದರು; ಒಬ್ಬ ತಾಯಿ ಮಹಡಿಯಿಂದ ಗದರಿಸಿ ಕೂಗುತ್ತಿದ್ದಳು. ಭಾಷೆ ತಿಳಿಯದಿದ್ದರೂ ಮಾತು ತಿಳಿಯಿತು. ಆ ಗದರಿಕೆ ಕಿವಿಗೆ ಬಿದ್ದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಸೌತ್‌ಹಾಲ್‌ಗೆ ಮರಳಿದ ರಾತ್ರಿಯೇ ಅಣ್ಣನಿಗೆ ಫೋನು ಮಾಡಿದೆ. “ಮಾರುವುದು ಬೇಡವೆಂದು ನಾನು ಹೇಳುತ್ತಿಲ್ಲ. ಅಲ್ಲಿಯೇ ಇರುವ ಒಂದು ಸಂಸಾರಕ್ಕೆ ಮೊದಲು ಬಾಡಿಗೆಗೆ ಕೊಟ್ಟು ನೋಡೋಣ” ಎಂದೆ. ಅಣ್ಣ ಉತ್ತರಿಸುವ ಮೊದಲೇ ಅತ್ತಿಗೆಯ ದನಿ ಕೇಳಿತು: “ಹಂಚು ಒಡೆದು ಮಳೆಗಾಲದಲ್ಲಿ ನಡುಮನೆಯೆಲ್ಲ ಸೋರುತ್ತೆ. ನಿಮ್ಮಣ್ಣನಿಗೆ ಅರವತ್ತಾರು. ಪ್ರತಿ ಸಲ ಬಸ್ಸು ಹತ್ತಿ ಹೋಗಿ ನೋಡುವವರು ನಾವು, ನೀನಲ್ಲ.” ಆಕೆಯ ಮಾತಿನಲ್ಲಿ ತಪ್ಪಿರಲಿಲ್ಲ. ದೂರದಲ್ಲಿರುವವರ ಪ್ರೀತಿಗೆ ಖರ್ಚು ಕಡಿಮೆ ಎಂಬುದನ್ನು ಒಪ್ಪಿಕೊಂಡೆ. ಬಳೆಗೆಂದು ಕೂಡಿಟ್ಟಿದ್ದ ಹಣವನ್ನು ಮಾಡಿನ ದುರಸ್ತಿಗೆ ಕಳುಹಿಸಿದೆ. ಮೂರು ವರ್ಷ ನೋಡೋಣ, ಆಮೇಲೆ ರುಜು ಹಾಕುವೆ ಎಂದು ಮಾತು ಕೊಟ್ಟಿದ್ದೇನೆ. ಲಕೋಟೆ ಮೇಜಿನ ಸೆಳೆಖಾನೆಯಲ್ಲಿದೆ.

ಈಗ ಆ ಮನೆಯಲ್ಲಿ ಊರಿನಲ್ಲೇ ಪಾಠ ಹೇಳುವ ಅಧ್ಯಾಪಕರೊಬ್ಬರ ಸಂಸಾರವಿದೆ. ಬೀದರ್ ಕಡೆಯವರು. ಹೋದ ಹೊಸತರಲ್ಲಿ ಆ ಗೃಹಿಣಿ ನನಗೇ ಫೋನು ಮಾಡಿ, “ಅಕ್ಕಾ, ಒರಳು ಇದೆ, ಗುಂಡುಕಲ್ಲು ಕಾಣಸ್ತಿಲ್ಲ, ಎಲ್ಲಿಟ್ಟೀರಿ?” ಎಂದು ಕೇಳಿದರು. ಅಟ್ಟದ ಏಣಿಯ ಕೆಳಗೆ, ಗೋಣಿಚೀಲದ ಹಿಂದೆ ಎಂದು ತಟ್ಟನೆ ಹೇಳಿದೆ. ಅದು ಅಲ್ಲಿಯೇ ಇತ್ತಂತೆ.

ಬಂಧುಗಳೇ, ಈ ಮೂರು ದಿನ ನಾವು ಊರನ್ನು ಹಾಡುತ್ತೇವೆ, ನೆನೆಯುತ್ತೇವೆ, ತಪ್ಪೇನಿಲ್ಲ. ಆದರೆ ನಮ್ಮಲ್ಲಿ ಎಷ್ಟು ಮಂದಿಯ ಬೀರುವಿನಲ್ಲಿ ಊರಿನ ಮನೆಯ ಬೀಗದ ಕೈ ತುಕ್ಕು ಹಿಡಿಯುತ್ತಿದೆಯೋ! ಮನೆಗೆ ಮರಳಿದ ಮೇಲೆ ಅದನ್ನೊಮ್ಮೆ ಹೊರತೆಗೆದು, ಯಾರಿಗೆ ಕೊಟ್ಟರೆ ಅಲ್ಲಿ ಒಲೆ ಉರಿದೀತು ಎಂದು ಯೋಚಿಸಿ ಎಂಬುದಷ್ಟೇ ನನ್ನ ಬಿನ್ನಹ.