ಭಯ ವಂಶದಿಂದ ಬಂದರೂ ಬೆಳೆಯುವುದು ಮನೆಯಲ್ಲೇ

ಹೈಸ್ಕೂಲಿಗೆ ಹೋಗುವ ಹುಡುಗಿ ಟೆಸ್ಟ್ ಇರುವ ದಿನವೇ ಹೊಟ್ಟೆನೋವು ಅಂತಾಳೆ. ಹುಡುಗ ಬೋರ್ಡಿನ ಮುಂದೆ ನಿಲ್ಲಬೇಕು ಅಂದರೆ ಬೆವರುತ್ತಾನೆ, ರಾತ್ರಿಯೆಲ್ಲಾ ನಿದ್ದೆ ಮಾಡಲ್ಲ. ನಮ್ಮ ಊರುಗಳಲ್ಲಿ ಇದಕ್ಕೆ ಎರಡು ಉತ್ತರ ಸಿದ್ಧವಾಗಿರುತ್ತವೆ. 'ಅವರಮ್ಮನೂ ಪುಕ್ಕಲಿ, ಆ ಕಡೆ ರಕ್ತವೇ ಅಂಥದ್ದು' ಅನ್ನುವುದು ಒಂದು. 'ಮುದ್ದು ಮಾಡಿ ಕೆಡಿಸಿದ್ದಾಳೆ, ನಾಲ್ಕು ಬಿಟ್ಟರೆ ಸರಿಹೋಗುತ್ತೆ' ಅನ್ನುವುದು ಇನ್ನೊಂದು. ಎರಡೂ ಬಂದು ಬೀಳುವುದು ತಾಯಿಯ ತಲೆ ಮೇಲೆ. ಮಗುವಿಗೆ ಮಾತ್ರ ಎರಡರಿಂದಲೂ ಪ್ರಯೋಜನವಿಲ್ಲ.

ಮೊದಲು ರಕ್ತದ ಮಾತು ನೋಡೋಣ. ಆತಂಕದ ಸ್ವಭಾವ ಸ್ವಲ್ಪ ಮಟ್ಟಿಗೆ ವಂಶದಿಂದ ಬರುವುದು ನಿಜ. ಅವಳಿಗಳ ಮೇಲೆ ನಡೆದ ಅಧ್ಯಯನಗಳ ಪ್ರಕಾರ, ಆತಂಕದ ಕಾಯಿಲೆ ಕೆಲವರಿಗೆ ಬಂದು ಕೆಲವರಿಗೆ ಬಾರದಿರುವುದರಲ್ಲಿ ಜೀನ್‌ಗಳ, ಅಂದರೆ ವಂಶವಾಹಿಗಳ ಪಾಲು ಸುಮಾರು ಶೇ 30ರಿಂದ 40. 'ಭಯದ ಜೀನ್' ಅಂತ ಒಂದೇ ಒಂದು ಇಲ್ಲ. ಎಷ್ಟೋ ಜೀನ್‌ಗಳು ಒಂದೊಂದು ಚಿಟಿಕೆ ಸೇರಿಸುತ್ತವೆ. ಉಳಿದ ದೊಡ್ಡ ಪಾಲು ಮನೆ, ಶಾಲೆ, ಗೆಳೆಯರು, ಅನುಭವಿಸಿದ ಕಷ್ಟಗಳದ್ದು.

ಸ್ವೀಡನ್ ದೇಶದ 800ಕ್ಕೂ ಹೆಚ್ಚು ಅವಳಿ ಕುಟುಂಬಗಳ ಮೇಲೆ ನಡೆದ ಒಂದು ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಅದರ ಉಪಾಯ ಸರಳ. ತಾಯಿ ಮತ್ತು ಚಿಕ್ಕಮ್ಮ ತದ್ರೂಪಿ ಅವಳಿಗಳಾದರೆ ಇಬ್ಬರ ಜೀನ್‌ಗಳೂ ಒಂದೇ. ಭಯ ಬರೀ ರಕ್ತದಲ್ಲೇ ಹರಿಯುವುದಾದರೆ ಮಗು ತಾಯಿಯನ್ನು ಹೋಲುವಷ್ಟೇ ಚಿಕ್ಕಮ್ಮನನ್ನೂ ಹೋಲಬೇಕು. ಹಾಗಾಗಲಿಲ್ಲ. ಹದಿಹರೆಯದವರ ಆತಂಕ ಹೋಲಿದ್ದು ಜೊತೆಯಲ್ಲಿ ಬದುಕುವ ಹೆತ್ತವರ ಆತಂಕವನ್ನು. 'ನೂಲಿನಂತೆ ಸೀರೆ, ತಾಯಿಯಂತೆ ಮಗಳು' ಅನ್ನುತ್ತೇವಲ್ಲ, ಅದೇ ನೂಲನ್ನು ಬೇರೆ ಕೈ ನೇಯ್ದರೆ ಸೀರೆಯೂ ಬೇರೆಯಾಗುತ್ತದೆ.

ಹಾಗಂತ ತಪ್ಪೆಲ್ಲಾ ಅಪ್ಪ ಅಮ್ಮನದೇ ಅನ್ನುವುದೂ ಸರಿಯಲ್ಲ. ಹುಟ್ಟಿನಿಂದಲೇ ಅಂಜುವ ಮಗುವನ್ನು ಕಂಡರೆ ಯಾರಿಗಾದರೂ ಕರುಳು ಚುರ್ ಅನ್ನುತ್ತದೆ. 'ಇವತ್ತು ಶಾಲೆ ಬೇಡ ಬಿಡು' ಅಂತೀವಿ. ಅಂಗಡಿಯವರ ಹತ್ತಿರ, ಮೇಷ್ಟ್ರ ಹತ್ತಿರ ಅವನ ಬದಲು ನಾವೇ ಮಾತಾಡುತ್ತೀವಿ. ಮಗುವಿಗೆ ಆ ಕ್ಷಣ ಹಗುರಾಗುತ್ತದೆ. ತಪ್ಪಿಸಿಕೊಂಡರೆ ಹಗುರ ಅಂತ ಮನಸ್ಸು ಕಲಿತುಬಿಡುತ್ತದೆ, ಮುಂದಿನ ಸಲ ಭಯ ಇನ್ನೂ ದೊಡ್ಡದಾಗುತ್ತದೆ. ಮಗುವಿನ ಸ್ವಭಾವ ನಮ್ಮಿಂದ ಅತಿ ಕಾಳಜಿ ಮಾಡಿಸುತ್ತದೆ, ಆ ಕಾಳಜಿ ಅದೇ ಸ್ವಭಾವವನ್ನು ಬಲಪಡಿಸುತ್ತದೆ. ಇನ್ನು ಹೊಡೆದು ಬೈದರೆ ಭಯ ಹೋಗುವುದಿಲ್ಲ, ಮಗು ಹೇಳಿಕೊಳ್ಳುವುದು ನಿಲ್ಲುತ್ತದೆ.

ಮತ್ತೇನು ಮಾಡಬೇಕು? ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಎಲಿ ಲೆಬೊವಿಟ್ಜ್ ತಂಡ ಆತಂಕವಿದ್ದ 124 ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿತು. ಕೆಲವು ಮಕ್ಕಳಿಗೆ ನೇರವಾಗಿ ಮಾತಿನ ಚಿಕಿತ್ಸೆ ಕೊಟ್ಟರು. ಇನ್ನು ಕೆಲವರ ಹೆತ್ತವರಿಗೆ ಮಾತ್ರ ತರಬೇತಿ ಕೊಟ್ಟರು, ಮಕ್ಕಳನ್ನು ಕರೆಯಲೇ ಇಲ್ಲ. ಎರಡೂ ಗುಂಪಿನ ಮಕ್ಕಳು ಹೆಚ್ಚು ಕಡಿಮೆ ಒಂದೇ ಸಮ ಸುಧಾರಿಸಿದರು. ಹೆತ್ತವರು ಕಲಿತ ವಿಷಯಗಳಲ್ಲಿ ಎರಡು ಇವು: ಮಗುವಿನ ಭಯವನ್ನು ಒಪ್ಪುವುದು, ಮಗುವಿನ ಮೇಲೆ ನಂಬಿಕೆ ತೋರಿಸುವುದು. ನಮ್ಮ ಮಾತಲ್ಲಿ ಹೇಳುವುದಾದರೆ, 'ನಿಂಗೆ ದಿಗಿಲಾಗ್ತಿದೆ ಅಂತ ಗೊತ್ತು ಕಣವ್ವ, ಆದ್ರೂ ನಿನ್ನ ಕೈಲಾಗುತ್ತೆ.' ಇಷ್ಟು ಹೇಳಿ ಶಾಲೆಗೆ ಕಳಿಸುವುದು. ಪೂರ್ತಿ ದಿನ ಆಗದಿದ್ದರೆ ಮೊದಲು ಅರ್ಧ ದಿನ.

ಇದು ಅಮ್ಮನೊಬ್ಬಳ ಕೆಲಸವಲ್ಲ. ಸಾಲ, ಬೋರ್‌ವೆಲ್, ಮಳೆ ಅಂತ ಅಪ್ಪನಿಗೂ ಆತಂಕ ಇದ್ದೇ ಇರುತ್ತದೆ. ಅದನ್ನು ಮಕ್ಕಳಿಂದ ಪೂರ್ತಿ ಮುಚ್ಚಿಡಲಾಗದು. ಆದರೆ 'ಫೇಲಾದ್ರೆ ನಮ್ಮ ಕಥೆ ಮುಗೀತು' ಅನ್ನುವುದನ್ನು ಬಿಡಬಹುದು. ಎಸ್ಸೆಸ್ಸೆಲ್ಸಿಯಲ್ಲಿ ಈಗ ಅದೇ ವರ್ಷ ಮತ್ತೆ ಪರೀಕ್ಷೆ ಬರೆಯುವ ಅವಕಾಶವಿದೆ, ಅದನ್ನು ಮಗುವಿಗೆ ಮೊದಲೇ ಹೇಳಿ.

ನನಗೆ ಹೆಚ್ಚು ಚಿಂತೆ ಹೆಣ್ಣುಮಕ್ಕಳದು. ಭಯ ಅಂತ ನಾಲ್ಕು ದಿನ ತಪ್ಪಿದ ಶಾಲೆ ತಿಂಗಳಾಗುತ್ತದೆ, ಆಮೇಲೆ 'ಓದು ಹತ್ತಲ್ಲ, ಗಂಡು ನೋಡಿ' ಅನ್ನುವ ಮಾತು ಬರುತ್ತದೆ. ವಂಶದ ಹೆಸರು ಕೆಟ್ಟರೆ ಸಂಬಂಧ ಬರಲ್ಲ ಅಂತ ಕಾಯಿಲೆಯನ್ನು ಮುಚ್ಚಿಡುವವರೂ ಇದ್ದಾರೆ. ಹೈಸ್ಕೂಲುಗಳ ಪೋಷಕರ ಸಭೆಯಲ್ಲಿ ಅಂಕದ ಜೊತೆಗೆ ಈ ವಿಷಯವೂ ಬರಬೇಕು. ಆ ಸಭೆಗೆ ಅಪ್ಪಂದಿರೂ ಬರಬೇಕು.

ಮಗು ವಾರಗಟ್ಟಲೆ ನಿದ್ದೆ, ಊಟ, ಶಾಲೆ ಬಿಟ್ಟಿದ್ದರೆ, ಸಾಯುವ ಮಾತಾಡಿದರೆ ಕಾಯಬೇಡಿ. ತಾಯತ ಕಟ್ಟಿಸಿದ್ದರೂ ಸರಿ, ಆಸ್ಪತ್ರೆಗೂ ಹೋಗಿ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರ ವಿಭಾಗವನ್ನು ಕೇಳಿ. 2022ರಿಂದ ನಡೆಯುತ್ತಿರುವ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಆ ನಂಬರನ್ನು ಈಗಲೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ.